ಮೇಷ್ಟ್ರು, ಮಹಾರಾಜರ ಸೆಕ್ರೆಟರಿ, ರಾಯಭಾರಿ: ಕೆ.ಎಂ. ಪಣಿಕ್ಕರ್‌ಗೂ ಕೊಡಗಿಗೂ ಏನು ಸಂಬಂಧ?

ಓದುಗರ ಪ್ರಶ್ನೆ: "ರಾಜ್ಯಗಳ ಪುನರ್ವಿಂಗಡಣೆ ಆಯೋಗದಲ್ಲಿ ಕೆ.ಎಂ. ಪಣಿಕ್ಕರ್ ಅಂತ ಒಬ್ಬರಿದ್ದರಲ್ಲ, ಅವರು ಮೊದಲು ಮೇಷ್ಟ್ರಾಗಿದ್ದರಂತೆ. ಆಮೇಲೆ ಮಹಾರಾಜರ ಸೆಕ್ರೆಟರಿ, ಆಮೇಲೆ ಚೀನಾಕ್ಕೆ ರಾಯಭಾರಿ ಅಂತಾರೆ. ಇದೆಲ್ಲ ಒಬ್ಬರೇನಾ? ನಮ್ಮ ಕೊಡಗನ್ನು ಮೈಸೂರಿಗೆ ಸೇರಿಸಿದ್ದೂ ಅವರೇನಾ?"

ನವೆಂಬರ್ ಹತ್ತಿರ ಬಂತು ಅಂದರೆ ಕೊಡಗಿನ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಮಡಿಕೇರಿಯಿಂದ ಬರಲಿ, ಗೋಣಿಕೊಪ್ಪದಿಂದ ಬರಲಿ, ಧಾಟಿ ಒಂದೇ. ಅರ್ಧ ಕುತೂಹಲ, ಅರ್ಧ ಸಿಟ್ಟು. ರಾಜ್ಯೋತ್ಸವ ಅಲ್ಲಿ ಎಲ್ಲರಿಗೂ ಒಂದೇ ಥರದ ಹಬ್ಬ ಅಲ್ಲ, ಅದು ಗೊತ್ತಿರುವ ವಿಷಯವೇ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೌದು, ಎಲ್ಲ ಒಬ್ಬರೇ. ಹೆಸರಿನ ಮುಂದೆ 'ಸರ್ದಾರ್' ನೋಡಿ ಸಿಖ್ಖರು ಅಂದುಕೊಂಡವರೂ ಇದ್ದಾರೆ. ಅಲ್ಲ, ಅದು ಬಿರುದು ಅಷ್ಟೇ. ಮನುಷ್ಯ ಮಲಯಾಳಿ. 1895ರಲ್ಲಿ ತಿರುವಾಂಕೂರು ಸಂಸ್ಥಾನದ ಕುಟ್ಟನಾಡಿನ ಕಾವಾಲಂನಲ್ಲಿ ಹುಟ್ಟಿದವರು. ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ಆಮೇಲೆ ಆಕ್ಸ್‌ಫರ್ಡ್. ವಿಷಯ ಚರಿತ್ರೆ.

ಎರಡನೇ ಪ್ರಶ್ನೆ ಅಷ್ಟು ಸಲೀಸಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಈ ಮನುಷ್ಯನ ಕಸುಬು ಏನು ಅಂತ ಮೊದಲು ನೋಡಬೇಕು. ಕೆಲಸ ಹತ್ತು ಬದಲಾಯಿತು, ಕಸುಬು ಬದಲಾಗಲೇ ಇಲ್ಲ. ಹಳೇ ಒಪ್ಪಂದ, ಗಡಿ, ಹಕ್ಕುಗಳನ್ನು ಓದುವುದು. ಓದಿದ್ದನ್ನು ಅಧಿಕಾರದಲ್ಲಿ ಇರುವವರಿಗೆ ಅರ್ಥವಾಗುವ ಹಾಗೆ ಬರೆದು ಕೊಡುವುದು. ಒಮ್ಮೆ ರಾಜರ ಪರವಾಗಿ, ಒಮ್ಮೆ ಸರ್ಕಾರದ ಪರವಾಗಿ.

ಮೇಷ್ಟ್ರ ಕೆಲಸ ಮಾಡಿದ್ದು ಅಲಿಗಢದಲ್ಲಿ. ಇಂಗ್ಲೆಂಡಿನಿಂದ ವಾಪಸ್ ಬಂದ ಮೇಲೆ ಅಲ್ಲಿ ಚರಿತ್ರೆ ಪಾಠ ಹೇಳಿದರು. ಅಲ್ಲಿನ ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯ ಆಯಿತು. ಅದೇ ವರ್ಷ ಅಸಹಕಾರ ಚಳವಳಿಯ ಕಾವು ಏರಿ ಅಲ್ಲಿನ ಒಂದು ಗುಂಪು ಹೊರಗೆ ಹೋಗಿ ಜಾಮಿಯಾ ಮಿಲಿಯಾ ಕಟ್ಟಿತು. ಅಂಥ ಹೊತ್ತಿನಲ್ಲಿ ಕ್ಲಾಸಿನಲ್ಲಿ ನಿಂತು ಹಳೇ ಸಾಮ್ರಾಜ್ಯಗಳ ಕಥೆ ಹೇಳುತ್ತಾ ಇರುವುದು ಇಪ್ಪತ್ತೈದರ ಹುಡುಗನಿಗೆ ಕಷ್ಟವೇ. ಪಣಿಕ್ಕರ್ ಪತ್ರಿಕೆಗೆ ಬಂದರು. 1924ರಲ್ಲಿ ದೆಹಲಿಯಲ್ಲಿ ಶುರುವಾದ ಹಿಂದೂಸ್ತಾನ್ ಟೈಮ್ಸ್‌ನ ಮೊದಲ ಸಂಪಾದಕರು ಅವರೇ. ಗುರುದ್ವಾರಗಳಿಗಾಗಿ ಸಿಖ್ಖರು ನಡೆಸಿದ ಅಕಾಲಿ ಚಳವಳಿಯ ಕಾಲದಲ್ಲಿ ಗಾಂಧೀಜಿ ಪರವಾಗಿ ಅಮೃತಸರದಲ್ಲೂ ಕೆಲಸ ಮಾಡಿದರು. ಆಮೇಲೆ ಮತ್ತೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದರು.

ಗಾಂಧೀಜಿ ಜೊತೆ ಇದ್ದವರು ಮಹಾರಾಜರ ಆಸ್ಥಾನಕ್ಕೆ ಹೋಗಿದ್ದು ಹೇಗೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಡಗಿನವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

1790ರಲ್ಲಿ ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. ಸ್ನೇಹದ ಒಪ್ಪಂದ, ಸಮಾನರ ಒಪ್ಪಂದ. ಕಂಪನಿಗೆ ಬೇಕಾದಾಗ ಅಕ್ಕಿ, ದನ, ದಾರಿ ಎಲ್ಲ ಕೊಟ್ಟ. ಅದಾಗಿ ಐವತ್ತು ವರ್ಷವೂ ಆಗಿರಲಿಲ್ಲ, 1834ರಲ್ಲಿ ಅದೇ ಕಂಪನಿಯ ಸೈನ್ಯ ಮಡಿಕೇರಿ ಕೋಟೆಗೆ ಬಂದು ಕೂತಿತು. ಚಿಕ್ಕವೀರರಾಜೇಂದ್ರ ಕಾಶಿಗೆ ಹೋಗಬೇಕಾಯಿತು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯ ಹತ್ತಿರ ಇದ್ದ ತನ್ನ ಹಣಕ್ಕಾಗಿ ಅಲ್ಲೇ ಕೋರ್ಟಿಗೆ ಹೋದ. ಗೆಲ್ಲಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕಾಗದ ಇದ್ದರೆ ಸಾಲದು, ಅದನ್ನು ವಾದ ಮಾಡಿ ನಿಲ್ಲಿಸುವವರೂ ಬೇಕು, ಅಲ್ವಾ?

ಇಪ್ಪತ್ತನೇ ಶತಮಾನದಲ್ಲಿ ಉಳಿದಿದ್ದ ರಾಜರಿಗೆಲ್ಲ ಇದೇ ಭಯ ಹಿಡಿಯಿತು. 1926ರಲ್ಲಿ ವೈಸ್‌ರಾಯ್ ಲಾರ್ಡ್ ರೀಡಿಂಗ್, ಬೇರಾರ್ ಪ್ರಾಂತ್ಯವನ್ನು ವಾಪಸ್ ಕೇಳಿದ ಹೈದರಾಬಾದ್ ನಿಜಾಮರಿಗೆ ಒಂದು ಪತ್ರ ಬರೆದರು. ಭಾರತದಲ್ಲಿ ಬ್ರಿಟಿಷ್ ಸರ್ಕಾರವೇ ಎಲ್ಲರಿಗಿಂತ ಮೇಲೆ, ಯಾವ ರಾಜನೂ ಸರಿಸಮಾನವಾಗಿ ಕೂತು ಮಾತಾಡುವ ಹಾಗಿಲ್ಲ ಅನ್ನುವುದು ಅದರ ಸಾರ. ನಿಜಾಮರಿಗೇ ಹೀಗೆ ಹೇಳಿದರೆ ಉಳಿದವರ ಗತಿ? ರಾಜರು ಗಾಬರಿಯಾದರು. ನಮ್ಮ ಹಕ್ಕು ಏನು ಅಂತ ವಿಚಾರಣೆ ಮಾಡಿ ಅಂತ ಕೇಳಿಕೊಂಡರು. 1927ರಲ್ಲಿ ಬಟ್ಲರ್ ಸಮಿತಿ ಬಂತು.

ಸರಿಯಾಗಿ ಅದೇ ವರ್ಷ ಪಣಿಕ್ಕರ್, ಸಂಸ್ಥಾನಗಳಿಗೂ ಬ್ರಿಟಿಷ್ ಸರ್ಕಾರಕ್ಕೂ ಇರುವ ಸಂಬಂಧದ ಮೇಲೆ ಒಂದು ಪುಸ್ತಕ ಪ್ರಕಟಿಸಿದ್ದರು. ರಾಜರಿಗೆ ಬೇಕಾಗಿದ್ದದ್ದೂ ಅಂಥವರೇ: ಚರಿತ್ರೆ ಗೊತ್ತು, ಕಾನೂನು ಗೊತ್ತು, ಇಂಗ್ಲಿಷ್ ಗದ್ಯ ಚುರುಕು, ಪತ್ರಿಕೆಯಲ್ಲಿ ಪಳಗಿದ ಕೈ, ವಯಸ್ಸೂ ಚಿಕ್ಕದು. ಮೊದಲು ಕಾಶ್ಮೀರ ಸಂಸ್ಥಾನದಲ್ಲಿ ಸ್ವಲ್ಪ ಕಾಲ ಇದ್ದರು. ಆಮೇಲೆ ನರೇಂದ್ರ ಮಂಡಲದ ಚಾನ್ಸಲರ್‌ಗೆ ಸೆಕ್ರೆಟರಿ.

ನರೇಂದ್ರ ಮಂಡಲ ಅಂದರೆ 1921ರಲ್ಲಿ ದೆಹಲಿಯಲ್ಲಿ ಶುರುವಾದ ರಾಜರ ಸಭೆ. ಕೊಡಗಿನಲ್ಲಿ ಆಗ ರಾಜರೇ ಇರಲಿಲ್ಲ, ಚೀಫ್ ಕಮಿಷನರ್ ಆಡಳಿತ. ಮೈಸೂರಿನವರು ಆ ಸಭೆಯಿಂದ ದೂರ ಉಳಿದರು. ಹಾಗಾಗಿ ನಮ್ಮ ಕಡೆ ಇದರ ನೆನಪು ಕಮ್ಮಿ. ಚಾನ್ಸಲರ್ ಆಗಿದ್ದವರು ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ಸೆಕ್ರೆಟರಿ ಅಂದಾಕ್ಷಣ ಬಾಗಿಲಲ್ಲಿ ಫೈಲು ಹಿಡಿದು ನಿಲ್ಲುವವರು ಅಂದುಕೊಳ್ಳಬೇಡಿ. ಮೈಸೂರಲ್ಲಿ ಮಿರ್ಜಾ ಇಸ್ಮಾಯಿಲ್ ಕೂಡ ನಾಲ್ವಡಿಯವರ ಸೆಕ್ರೆಟರಿ ಆಗಿದ್ದೇ ದಿವಾನರಾದದ್ದು. ಮಹಾರಾಜರು ನಾಳೆ ಏನು ಮಾತಾಡಬೇಕು, ವೈಸ್‌ರಾಯ್‌ಗೆ ಪತ್ರದಲ್ಲಿ ಯಾವ ಹಕ್ಕು ಬಿಟ್ಟುಕೊಡಬಾರದು, ಪತ್ರಿಕೆಗಳಿಗೆ ಏನು ಹೇಳಬೇಕು, ಇದನ್ನೆಲ್ಲ ಬರೆದು ಕೊಡುವ ಕೈ ಅದು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ರಾಜರು ಹೋದಾಗ ಅವರ ನಿಯೋಗದ ಕೆಲಸ ನೋಡಿಕೊಂಡವರಲ್ಲಿ ಪಣಿಕ್ಕರ್ ಕೂಡ ಒಬ್ಬರು. ಬ್ರಿಟಿಷ್ ಪ್ರಾಂತ್ಯಗಳು, ಸಂಸ್ಥಾನಗಳು ಎಲ್ಲ ಸೇರಿ ಒಂದು ಒಕ್ಕೂಟ ಆಗಲಿ ಅನ್ನುವುದು ಅವರ ವಾದ.

ಪಟಿಯಾಲದಲ್ಲಿ ವಿದೇಶಾಂಗ ಮಂತ್ರಿ, ಆಮೇಲೆ ರಾಜಸ್ಥಾನದ ಬಿಕಾನೇರಿನಲ್ಲಿ ಅದೇ ಕೆಲಸ, 1944ರಲ್ಲಿ ಅಲ್ಲಿನ ಪ್ರಧಾನಮಂತ್ರಿ. ನನಗೆ ಇಷ್ಟವಾಗುವ ಭಾಗ ಇದರ ನಂತರದ್ದು. 1947ರ ಏಪ್ರಿಲ್‌ನಲ್ಲಿ, ಬಹಳಷ್ಟು ರಾಜರು ಇನ್ನೂ ಕಾದು ನೋಡೋಣ ಅನ್ನುತ್ತಿದ್ದಾಗ, ಬಿಕಾನೇರ್ ಮೊದಲ ಕೆಲವರ ಸಾಲಿನಲ್ಲಿ ಸಂವಿಧಾನ ಸಭೆಗೆ ಸೇರಿತು. ಪ್ರತಿನಿಧಿಯಾಗಿ ಹೋಗಿ ಕೂತವರು ಪಣಿಕ್ಕರ್. ಇಪ್ಪತ್ತು ವರ್ಷ ರಾಜರ ಹಕ್ಕಿಗಾಗಿ ಬರೆದ ಕೈಯೇ ರಾಜರ ಕಾಲ ಮುಗಿಯಿತು ಅನ್ನುವ ಕಡೆಗೂ ಸಹಿ ಹಾಕಿತು. ಅವಕಾಶವಾದ ಅಂತ ಬೈಯಬಹುದು. ನಾನು ಬೈಯಲ್ಲ. ಒಪ್ಪಂದಗಳನ್ನು ಅಷ್ಟು ಓದಿದವರಿಗೆ ಯಾವ ಕಾಗದಕ್ಕೆ ಇನ್ನು ಬೆಲೆ ಇಲ್ಲ ಅನ್ನುವುದೂ ಬೇರೆಯವರಿಗಿಂತ ಮುಂಚೆ ತಿಳಿಯುತ್ತದೆ.

ಇನ್ನು ರಾಯಭಾರಿ ಕೆಲಸ. ಭಾರತ ವಿದೇಶಾಂಗ ಸೇವೆ ಹುಟ್ಟಿದ್ದೇ 1946ರ ಅಕ್ಟೋಬರ್‌ನಲ್ಲಿ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಪರೀಕ್ಷೆ ಬರೆದು ಆ ಸೇವೆಗೆ ಸೇರಿದ ಮೊದಲ ಮಹಿಳೆ ಆಗಿದ್ದು 1949ರಲ್ಲಿ. ಆದರೆ ಹೊಸದಾಗಿ ಸೇರಿದವರನ್ನು ನೇರವಾಗಿ ರಾಯಭಾರಿ ಮಾಡಲು ಆಗುತ್ತದಾ? ಅದಕ್ಕೆ ನೆಹರೂ ಹೊರಗಿನಿಂದ ಅನುಭವಸ್ಥರನ್ನು ಆರಿಸಿಕೊಂಡರು. ನಮ್ಮ ಕಾರ್ಯಪ್ಪನವರು ಸೈನ್ಯದಿಂದ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಹೋದದ್ದೂ ಇದೇ ದಾರಿಯಲ್ಲಿ. ಪಣಿಕ್ಕರ್ 1948ರಲ್ಲಿ ಚೀನಾಕ್ಕೆ ಹೋದರು. ಹೋದಾಗ ಚಿಯಾಂಗ್ ಕೈ ಶೇಕ್ ಸರ್ಕಾರ. ಮುಂದಿನ ವರ್ಷ ಮಾವೋ ಸರ್ಕಾರ. ಎರಡಕ್ಕೂ ಅವರೇ ರಾಯಭಾರಿ.

1950ರ ಅಕ್ಟೋಬರ್ 2, ಪೀಕಿಂಗ್. ಪಣಿಕ್ಕರ್ ಮಲಗಿದ್ದರು. ಮಧ್ಯರಾತ್ರಿ ಆಳು ಬಂದು ಎಬ್ಬಿಸಿದ. ಚೀನಾದ ವಿದೇಶಾಂಗ ಇಲಾಖೆಯ ಅಧಿಕಾರಿ ಕೆಳಗೆ ಕಾಯುತ್ತಿದ್ದರು: ಪ್ರಧಾನಿ ಚೌ ಎನ್‌ಲಾಯ್ ಈಗಲೇ ನಿಮ್ಮನ್ನು ನೋಡಬೇಕಂತೆ. ಹನ್ನೆರಡೂವರೆಗೆ ಚೌ ಮನೆಯಲ್ಲಿ ಭೇಟಿ. ಕೊರಿಯಾ ಯುದ್ಧದ ಕಾಲ. ಅಮೆರಿಕದ ಸೈನ್ಯ 38ನೇ ಅಕ್ಷಾಂಶ ದಾಟಿ ಉತ್ತರ ಕೊರಿಯಾಕ್ಕೆ ಬಂದರೆ ಚೀನಾ ಸುಮ್ನೆ ಕೂರಲ್ಲ ಅಂತ ಚೌ ಹೇಳಿದರು. ಪಣಿಕ್ಕರ್ ಮನೆಗೆ ಬಂದು ಆ ರಾತ್ರಿಯೇ ದೆಹಲಿಗೆ ತಂತಿ ಕಳಿಸಿದರು. ದೆಹಲಿಯಿಂದ ಸುದ್ದಿ ಲಂಡನ್, ವಾಷಿಂಗ್ಟನ್ ಮುಟ್ಟಿತು. ಅಮೆರಿಕದವರು ನಂಬಲಿಲ್ಲ. ಈ ಮನುಷ್ಯ ಚೀನಾದವರ ಕಡೆ ವಾಲಿದ್ದಾನೆ, ಇದು ಬರೀ ಬೆದರಿಕೆ ಅಂದುಕೊಂಡರು. ಅದೇ ತಿಂಗಳು ಚೀನಾ ಸೈನ್ಯ ಯಾಲು ನದಿ ದಾಟಿತು. ತಂತಿಯಲ್ಲಿ ಇದ್ದದ್ದು ಅಕ್ಷರಶಃ ನಿಜವಾಗಿತ್ತು.

ಹಾಗಂತ ಅಲ್ಲಿ ಎಲ್ಲ ಸರಿ ಇತ್ತು ಅಂತ ಅಲ್ಲ. ಅದೇ ಅಕ್ಟೋಬರ್‌ನಲ್ಲಿ ಚೀನಾ ಟಿಬೆಟ್ಟಿಗೂ ನುಗ್ಗಿತು. ನವೆಂಬರ್ 7ರಂದು ಸರ್ದಾರ್ ಪಟೇಲರು ನೆಹರೂ ಅವರಿಗೆ ಬರೆದ ಪತ್ರದಲ್ಲಿ, ನಮ್ಮ ರಾಯಭಾರಿ ಚೀನಾದ ನಡೆಗೆ ಸಮರ್ಥನೆ ಹುಡುಕುವುದರಲ್ಲೇ ಇದ್ದಾರೆ ಅಂತ ನೇರವಾಗಿ ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿದೆ ಅನ್ನುವುದು ನನ್ನ ಅಭಿಪ್ರಾಯ. ಎದುರಿಗೆ ಇರುವವರ ವಾದವನ್ನು ಅವರಿಗಿಂತ ಚೆನ್ನಾಗಿ ಕಟ್ಟಿಕೊಡುವುದು ಸೆಕ್ರೆಟರಿಗೆ ಗುಣ, ರಾಯಭಾರಿಗೆ ಅದೇ ಅಪಾಯ.

ಈಗ ನಮ್ಮ ಊರಿನ ವಿಷಯ. ಈಜಿಪ್ಟಿನಲ್ಲಿ ರಾಯಭಾರಿ ಆಗಿದ್ದ ಪಣಿಕ್ಕರ್ ಅವರನ್ನು 1953ರ ಡಿಸೆಂಬರ್‌ನಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಯೋಗಕ್ಕೆ ನೇಮಿಸಿದರು. ಅಧ್ಯಕ್ಷರು ಫಜಲ್ ಅಲಿ. ಇನ್ನೊಬ್ಬ ಸದಸ್ಯರು ಹೃದಯನಾಥ ಕುಂಜ್ರು. ಆಯೋಗಕ್ಕೆ ಬಂದ ಮನವಿ, ಪತ್ರಗಳೇ ಒಂದೂವರೆ ಲಕ್ಷಕ್ಕೂ ಜಾಸ್ತಿ. ಸಾವಿರಾರು ಜನರ ಮಾತು ಕೇಳಿದರು.

ಕೊಡಗು ಆಗ 'ಸಿ' ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಸಣ್ಣ ರಾಜ್ಯ. 1951ರ ಜನಗಣತಿ ಪ್ರಕಾರ ಜನಸಂಖ್ಯೆ 2.29 ಲಕ್ಷ. 1952ರ ಚುನಾವಣೆ ಹೆಸರಿಗೆ ವಿಧಾನಸಭೆಯದ್ದು, ನಿಜಕ್ಕೂ ನಡೆದದ್ದು ಮೈಸೂರಿನ ಜೊತೆ ವಿಲೀನ ಬೇಕೋ ಬೇಡವೋ ಅನ್ನುವ ಜಗಳ. ವಿಲೀನ ಬೇಡ ಅಂದವರು ಪಂದ್ಯಂಡ ಬೆಳ್ಯಪ್ಪನವರ ಹಿಂದೆ, ತಕ್ಕಡಿ ಗುರುತಿನಲ್ಲಿ ನಿಂತರು. ಅದಕ್ಕೇ ತಕ್ಕಡಿ ಪಾರ್ಟಿ ಅನ್ನುವ ಹೆಸರು. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ಉಳಿದವರಿಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆದರು. ಅಂದರೆ ಆಯೋಗ ಹುಟ್ಟುವ ಮುಂಚೆಯೇ ಕೊಡಗು ಎರಡು ಭಾಗ ಆಗಿತ್ತು.

1955ರ ಸೆಪ್ಟೆಂಬರ್ 30ರಂದು ವರದಿ ಬಂತು. 16 ರಾಜ್ಯ, 3 ಕೇಂದ್ರಾಡಳಿತ ಪ್ರದೇಶ ಸಾಕು ಅಂದಿತು. ಸಣ್ಣ ಸಣ್ಣ 'ಸಿ' ರಾಜ್ಯಗಳು ತಮ್ಮ ಕಾಲ ಮೇಲೆ ನಿಲ್ಲಲಾರವು, ಪಕ್ಕದ ದೊಡ್ಡ ರಾಜ್ಯಕ್ಕೆ ಸೇರಲಿ ಅನ್ನುವುದು ಅದರ ನಿಲುವು. ಕೊಡಗು ಕರ್ನಾಟಕಕ್ಕೆ. ನಮ್ಮದು ಉಳಿತಾಯದ ಬಜೆಟ್ಟಿನ ರಾಜ್ಯ ಆಗಿತ್ತು ಅಂತ ಕೊಡಗಿನ ಹಿರಿಯರು ಈಗಲೂ ಹೇಳುತ್ತಾರೆ. ಆ ನೋವು ನಿಜ. ಆದರೆ ಆ ಶಿಫಾರಸು ಪಣಿಕ್ಕರ್ ಒಬ್ಬರದಲ್ಲ. ಮೂವರೂ ಸೇರಿ ಹೇಳಿದ್ದು.

ಅವರು ಒಬ್ಬರೇ ಬೇರೆ ಮಾತು ಹೇಳಿದ ಜಾಗ ಒಂದಿದೆ. ಅದು ಉತ್ತರ ಪ್ರದೇಶ. ಆಗ ಅದರ ಜನಸಂಖ್ಯೆ ಆರು ಕೋಟಿ ದಾಟಿತ್ತು, ಅಂದರೆ ದೇಶದ ಆರನೇ ಒಂದು ಭಾಗ. ಒಂದೇ ರಾಜ್ಯ ಇಷ್ಟು ದೊಡ್ಡದಾಗಿ ಇದ್ದರೆ ಒಕ್ಕೂಟದ ಸಮತೋಲನ ಕೆಡುತ್ತದೆ, ಪಶ್ಚಿಮದ ಜಿಲ್ಲೆಗಳನ್ನು ತೆಗೆದು ಆಗ್ರಾ ಅನ್ನುವ ಹೊಸ ರಾಜ್ಯ ಮಾಡಿ ಅಂತ ಪ್ರತ್ಯೇಕ ಟಿಪ್ಪಣಿ ಬರೆದರು. ಯಾರೂ ಕೇಳಲಿಲ್ಲ. ಗಮನಿಸಿ, ದೊಡ್ಡ ರಾಜ್ಯ ಒಕ್ಕೂಟಕ್ಕೆ ಭಾರ ಅಂತ ಅವರಿಗೆ ಕಂಡಿತು. ಎರಡು ಲಕ್ಷ ಚಿಲ್ಲರೆ ಜನರ ಕೊಡಗಿನಂಥ ರಾಜ್ಯಕ್ಕಾಗಿ ಅಂಥ ಟಿಪ್ಪಣಿ ಬರೆಯಬೇಕು ಅಂತ ಅನ್ನಿಸಲಿಲ್ಲ. ಸಣ್ಣ ಸಂಸ್ಥಾನಗಳ ಪಾಡನ್ನು ಇಪ್ಪತ್ತು ವರ್ಷ ಹತ್ತಿರದಿಂದ ನೋಡಿದ್ದೂ ಅದಕ್ಕೆ ಒಂದು ಕಾರಣ ಇರಬಹುದು. ಕೊಡಗಿನವರು ಸಿಟ್ಟು ಮಾಡಿಕೊಳ್ಳುವುದಾದರೆ ಇದಕ್ಕೆ ಮಾಡಿಕೊಳ್ಳಲಿ, ಅದಕ್ಕೆ ಆಧಾರ ಇದೆ.

ಕಾಸರಗೋಡಿನ ಮಾತೂ ಜೊತೆಗೇ ಬರುತ್ತದೆ. ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಗಲಿ ಅಂತ ಇದೇ ಆಯೋಗ ಹೇಳಿತು. ಆಯೋಗದಲ್ಲಿ ಮಲಯಾಳಿ ಇದ್ದರು, ಅದಕ್ಕೇ ಹೀಗಾಯಿತು ಅನ್ನುವ ಅನುಮಾನ ಕನ್ನಡಿಗರಲ್ಲಿ ಇವತ್ತಿಗೂ ಹೋಗಿಲ್ಲ. ಶಿಫಾರಸು ತಪ್ಪು ಅನ್ನುವುದಕ್ಕೆ ಬಲ ಇದೆ: ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗವೇ ಹೇಳಿತು. ಅದು ಜಾರಿಯಾಗಲಿಲ್ಲ ಅಷ್ಟೇ. ಆದರೆ ಪಣಿಕ್ಕರ್ ಹುಟ್ಟಿದ ಊರು ನೋಡಿ ತೀರ್ಪಿನ ಕಾರಣ ಹೇಳುವುದು ಬೇರೆ ಮಾತು. ಅದನ್ನು ನಾನು ಒಪ್ಪಲ್ಲ. ಅದೇ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಿ ಅಂತಲೂ ಹೇಳಿತ್ತು. ಆಯೋಗದಲ್ಲಿ ತೆಲುಗಿನವರು ಯಾರಿದ್ದರು?

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆ ಆಯಿತು. ಪಣಿಕ್ಕರ್ ಆ ಹೊತ್ತಿಗೆ ಫ್ರಾನ್ಸಿಗೆ ರಾಯಭಾರಿ. 1959ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, ಆಮೇಲೆ ಕಾಶ್ಮೀರದಲ್ಲಿ ಕುಲಪತಿ.

ಕೊನೆಗೆ ಅವರು ಬಂದದ್ದು ಮೈಸೂರಿಗೇ ಅನ್ನುವುದು ಬಹಳ ಓದುಗರಿಗೆ ಗೊತ್ತಿಲ್ಲ. ಕುವೆಂಪು 1960ರವರೆಗೆ ಕೂತಿದ್ದ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಕುರ್ಚಿಗೆ 1963ರಲ್ಲಿ ಪಣಿಕ್ಕರ್ ಬಂದರು. ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ, ಅಲ್ಲಿವರೆಗೆ ಕೊಡಗಿನ ಕಾಲೇಜುಗಳಿಗೂ ಮೈಸೂರೇ. ಅಂದರೆ ಮಡಿಕೇರಿಯ ಹುಡುಗರಿಗೂ ಆ ವರ್ಷ ಕುಲಪತಿ ಅವರೇ. ಹೆಚ್ಚು ದಿನ ಕೆಲಸ ಮಾಡಲು ಆಗಲಿಲ್ಲ. ಅದೇ ವರ್ಷ ಡಿಸೆಂಬರ್ 10ರಂದು ಮೈಸೂರಿನಲ್ಲೇ ತೀರಿಕೊಂಡರು.