ಲೀ ಪ್ಲಾಜಾ ಹಾಳಾಗಿದ್ದು ಯಾವ ಕ್ರಮದಲ್ಲಿ?

ಹಳೇ ಕಟ್ಟಡ, ವಯಸ್ಸಾಯ್ತು, ಹಾಳಾಯ್ತು. ಪರೀಕ್ಷೆಯಲ್ಲಿ ಹೀಗೆ ಸುಮ್ನೆ ಬರೆದುಬಿಡುತ್ತೇವೆ, ಅಲ್ವಾ? ಅಮೆರಿಕದ ಡೆಟ್ರಾಯಿಟ್ ನಗರದ ಲೀ ಪ್ಲಾಜಾ ಎಂಬ ಹಳೇ ವಸತಿ ಕಟ್ಟಡದ ಬಗ್ಗೆ ಓದಿದ ಮೇಲೆ ನನಗೆ ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ.

ಹಿನ್ನೆಲೆ ಬೇಗ ಮುಗಿಸೋಣ. 1920ರ ದಶಕದ ಕೊನೆ, ಕಾರು ಕಾರ್ಖಾನೆಗಳಿಂದ ಊರಲ್ಲಿ ದುಡ್ಡು ಓಡಾಡುತ್ತಿದ್ದ ಕಾಲ. ರಾಲ್ಫ್ ಲೀ ಕಟ್ಟಿಸಿದರು, ಚಾರ್ಲ್ಸ್ ನೋಬಲ್ ವಿನ್ಯಾಸ ಮಾಡಿದರು. ಆರ್ಟ್ ಡೆಕೊ ಶೈಲಿ, ಅಂದರೆ ನೇರ ಗೆರೆ, ಜ್ಯಾಮಿತಿಯ ಆಕಾರಗಳ ಅಲಂಕಾರ, ಆ ಕಾಲದ ಫ್ಯಾಷನ್. ಅಲ್ಲಿ ಮನೆಯ ಥರ ವರ್ಷಗಟ್ಟಲೆ ಇರಬಹುದಿತ್ತು, ಗುಡಿಸಿ ಒರೆಸಲು ಹೋಟೆಲಿನ ಹಾಗೆ ಕೆಲಸದವರು ಬರುತ್ತಿದ್ದರು. ಅಷ್ಟರಲ್ಲೇ 1929ರ ಆರ್ಥಿಕ ಕುಸಿತ ಬಂತು. ಮುಂದೆ 1969ರ ಸುಮಾರಿಗೆ ಅದು ವೃದ್ಧರ ವಸತಿಯಾಯಿತು, 1997ರಲ್ಲಿ ಬಾಗಿಲು ಮುಚ್ಚಿತು. 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದ ಊರಲ್ಲಿ 2000ಕ್ಕೆ ಉಳಿದವರು 9.5 ಲಕ್ಷ. ಇಡೀ ಕಟ್ಟಡ ಯಾರಿಗೂ ಬೇಡವಾಗಿತ್ತು. ಅದರ ಬಿಡಿಭಾಗಗಳು ಮಾತ್ರ ಬೇಕಿದ್ದವು!

ಕಳ್ಳರು ಮೊದಲು ಕಣ್ಣು ಹಾಕಿದ್ದು ಗೋಡೆಯ ಟೆರಾಕೋಟ (ಸುಟ್ಟ ಜೇಡಿಮಣ್ಣು) ಸಿಂಹದ ತಲೆಗಳ ಮೇಲೆ. ಐವತ್ತಕ್ಕೂ ಜಾಸ್ತಿ ಹೋದವು, ಕೆಲವು ಶಿಕಾಗೋದ ಹೊಸ ಮನೆಗಳ ಗೋಡೆಯಲ್ಲಿ ಪತ್ತೆಯಾದವು (ಕದ್ದ ಮಾಲನ್ನು ರಸ್ತೆಗೆ ಕಾಣುವ ಹಾಗೆ ಕೂರಿಸಿದ್ದಾರೆ ನೋಡಿ). ಆಮೇಲೆ ಛಾವಣಿಯ ತಾಮ್ರದ ತಗಡು ಹೋಯಿತು, ಕಿಟಕಿಗಳೂ ಹೋದವು.

ಇಲ್ಲಿ ಸ್ವಲ್ಪ ನಿಲ್ಲಿ. ಸಿಂಹ ಹೋದರೆ ಅಂದ ಹೋಗುತ್ತದೆ. ತಾಮ್ರ ಹೋದರೆ ನೀರು ಒಳಗೆ ಬರುತ್ತದೆ. ಡೆಟ್ರಾಯಿಟ್ ಚಳಿಯಲ್ಲಿ ಇಟ್ಟಿಗೆಯ ಸಂದಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ, ಬಿರುಕನ್ನು ಅಗಲಿಸುತ್ತದೆ, ಬಿಸಿಲಿಗೆ ಕರಗಿ ಇನ್ನೂ ಒಳಗೆ ಇಳಿಯುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ, ಹೀಗೆ ಪ್ರತಿ ಚಳಿಗಾಲವೂ. ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬಿದರೆ ಸುತ್ತಲಿನದನ್ನು ಸೀಳುತ್ತದೆ. ಕಟ್ಟಡದೊಳಗಿನ ನೃತ್ಯದ ಹಾಲ್‌ನ ಅಲಂಕಾರದ ಗಾರೆ ಉದುರಲು ಈ ನೀರೂ ಕಾರಣ. ಅಂದರೆ ವಯಸ್ಸಿನ ಪಾತ್ರ ಕಡಿಮೆ, ತೆರೆದ ಛಾವಣಿಯದೇ ಜಾಸ್ತಿ.

ನಾನೇ ಎಡವಿದ ಒಂದು ಜಾಗ: 1981ರಲ್ಲೇ ಇದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತ್ತು. ಹಾಗಾದರೆ ರಕ್ಷಣೆ ಇತ್ತು ಅಂದುಕೊಂಡಿದ್ದೆ. ಇಲ್ಲ. ಆ ಪಟ್ಟಿ ಗೌರವ ಕೊಡುತ್ತದೆ, ಕೆಲವು ಸಹಾಯಧನಕ್ಕೆ ದಾರಿ ಮಾಡುತ್ತದೆ, ಕಾವಲುಗಾರನನ್ನು ಕಳಿಸುವುದಿಲ್ಲ.

ಈಗ ಅದನ್ನು ದುರಸ್ತಿ ಮಾಡಿ, ಕಡಿಮೆ ಬಾಡಿಗೆಗೆ ಹಿರಿಯರಿಗೇ ಮನೆ ಮಾಡಿಕೊಡುವ ಯೋಜನೆ ಇದೆ. 1997ರವರೆಗೆ ಅಲ್ಲಿ ಇದ್ದವರೂ ಅಂಥವರೇ.