ಸೆಮಿಸ್ಟರ್ ಶುರುವಿನಲ್ಲೇ ಒಂದು ಪರೀಕ್ಷೆ ಇಡಿ

ಪಾಠದಿಂದ ವಿದ್ಯಾರ್ಥಿಗಳು ನಿಜವಾಗಿ ಎಷ್ಟು ಕಲಿತರು ಅಂತ ಕಾಲೇಜು ಅಧ್ಯಾಪಕರ ಜೊತೆ ಕೂತು ಲೆಕ್ಕ ಹಾಕುವುದು ನನ್ನ ಕೆಲಸ. ಹೆಚ್ಚಿನವರು ಬರುವುದು ಸೆಮಿಸ್ಟರ್ ಮುಗಿದ ಮೇಲೆ, ಅಂಕಪಟ್ಟಿ ಹಿಡಿದುಕೊಂಡು. 'ಮೇಡಂ, ಈ ಸಲ ಹೊಸ ರೀತಿ ಪಾಠ ಮಾಡಿದೆ. ಸರಾಸರಿ 72 ಬಂದಿದೆ. ಉಪಯೋಗ ಆಗಿದೆ ಅಲ್ವಾ?'

ಆಗಿರಬಹುದು. ಮೊದಲ ದಿನ ವಿದ್ಯಾರ್ಥಿಗಳಿಗೆ ಎಷ್ಟು ಗೊತ್ತಿತ್ತು ಅಂತ ಕೇಳುತ್ತೇನೆ. 'ಪಾಠವೇ ಶುರುವಾಗಿರಲಿಲ್ಲವಲ್ಲ, ಏನು ಗೊತ್ತಿರುತ್ತೆ?' ಅನ್ನುತ್ತಾರೆ. ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ.

ಎರಡು ಸೆಕ್ಷನ್ ತೆಗೆದುಕೊಳ್ಳಿ. ಒಂದೇ ವಿಷಯ, ಶುರುವಿಗೂ ಕೊನೆಗೂ ಒಂದೇ ಪ್ರಶ್ನೆಪತ್ರಿಕೆ. ಮೊದಲನೆಯದರ ಸರಾಸರಿ ನೂರಕ್ಕೆ 70ರಿಂದ 80ಕ್ಕೆ ಹೋಯಿತು. ಎರಡನೆಯದು 30ರಿಂದ 55ಕ್ಕೆ ಬಂತು. ಕೊನೆಯ ಅಂಕ ಮಾತ್ರ ನೋಡುವ ಪ್ರಾಂಶುಪಾಲರು ಮೊದಲನೆಯವರ ಬೆನ್ನು ತಟ್ಟಿ, ಎರಡನೆಯವರನ್ನು ಕರೆದು ವಿವರಣೆ ಕೇಳುತ್ತಾರೆ. ಈಗ ಲೆಕ್ಕ ಹಾಕಿ. ಮೊದಲ ಸೆಕ್ಷನ್‌ಗೆ ಕಲಿಯಲು ಉಳಿದಿದ್ದೇ 30 ಅಂಕದಷ್ಟು, ಅದರಲ್ಲಿ ಗಳಿಸಿದ್ದು 10. ಅಂದರೆ 0.33. ಎರಡನೆಯದಕ್ಕೆ ಉಳಿದಿದ್ದು 70, ಗಳಿಸಿದ್ದು 25. ಅಂದರೆ ಸುಮಾರು 0.36. ಬೈಸಿಕೊಂಡವರ ಪಾಠ ಹೊಗಳಿಸಿಕೊಂಡವರ ಪಾಠಕ್ಕೆ ಏನೂ ಕಡಿಮೆ ಇರಲಿಲ್ಲ.

ಈ ಲೆಕ್ಕ ನನ್ನದಲ್ಲ. ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ ಇದನ್ನು ಬಳಸಿ 1998ರಲ್ಲಿ 62 ಕೋರ್ಸುಗಳ, 6,500ಕ್ಕೂ ಜಾಸ್ತಿ ವಿದ್ಯಾರ್ಥಿಗಳ ಅಂಕ ಹೋಲಿಸಿದರು. ಹೆಚ್ಚಾಗಿ ಬರೀ ಉಪನ್ಯಾಸ ನಡೆದ ಕಡೆ ಸರಾಸರಿ 0.23. ವಿದ್ಯಾರ್ಥಿಗಳು ತಲೆ ಓಡಿಸಿ, ಪಕ್ಕದವರ ಜೊತೆ ವಾದ ಮಾಡಿ ಉತ್ತರ ಕಂಡುಕೊಂಡ ಕಡೆ 0.48. ಇವು ಭೌತಶಾಸ್ತ್ರದಲ್ಲಿ, ಬಲ ಮತ್ತು ಚಲನೆಯ ಪರೀಕ್ಷೆಗಳಲ್ಲಿ ಸಿಕ್ಕ ಅಂಕಿಗಳು. ಇವನ್ನೇ ಅರ್ಥಶಾಸ್ತ್ರಕ್ಕೋ ಇತಿಹಾಸಕ್ಕೋ ಎತ್ತಿಕೊಂಡು ಹೋಗಿ ಗುರಿ ಅಂತ ಇಟ್ಟುಕೊಳ್ಳಬೇಡಿ.

'ಏನು ಗೊತ್ತಿರುತ್ತೆ' ಅನ್ನುವ ಮಾತಿಗೆ ಬರೋಣ. ಗೊತ್ತಿರುತ್ತೆ, ತಪ್ಪಾಗಿ ಗೊತ್ತಿರುತ್ತೆ. ದೊಡ್ಡ ಲಾರಿ, ಪುಟ್ಟ ಕಾರು ಎದುರುಬದುರು ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ? ಎರಡೂ ಸಮ. ನ್ಯೂಟನ್‌ನ ಮೂರನೇ ನಿಯಮವನ್ನು ಬಾಯಿಪಾಠ ಒಪ್ಪಿಸುವ ಹುಡುಗರೇ 'ಲಾರಿ' ಅಂತ ಗುರುತು ಹಾಕುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಇಂಥ ಪ್ರಶ್ನೆಗಳನ್ನು ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಹಾಗೆ ಬರೆಯಲೋ, ನಾನು ಯೋಚಿಸುವ ಹಾಗೆ ಬರೆಯಲೋ ಅಂತ ಕೇಳಿದಳಂತೆ. ಆ ಹುಡುಗಿಯ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಸಂಖ್ಯಾಶಾಸ್ತ್ರ ಕಲಿಸುವ ಒಬ್ಬರನ್ನು ಬಹಳ ಒತ್ತಾಯ ಮಾಡಿ ಮೊದಲ ವಾರವೇ ಒಂದು ಸಣ್ಣ ಪರೀಕ್ಷೆ ಮಾಡಿಸಿದೆ. ಎರಡು ಸ್ತಂಭಚಿತ್ರ ಕೊಟ್ಟು, ಯಾವುದರಲ್ಲಿ ಅಂಕಗಳು ಹೆಚ್ಚು ಚದುರಿವೆ ಅಂತ ಕೇಳಿದ್ದೆವು. ಸ್ತಂಭ ಎತ್ತರ ಇದ್ದಷ್ಟೂ ಆ ಅಂಕ ತೆಗೆದವರು ಹೆಚ್ಚು. ಒಂದರಲ್ಲಿ ಸ್ತಂಭಗಳೆಲ್ಲ ಒಂದೇ ಎತ್ತರ, ಈ ತುದಿಯಿಂದ ಆ ತುದಿವರೆಗೆ. ಇನ್ನೊಂದರಲ್ಲಿ ನಡುವೆ ಎತ್ತರ, ಅಕ್ಕಪಕ್ಕ ಗಿಡ್ಡ. ಬಹುತೇಕ ಎಲ್ಲರೂ ಎರಡನೆಯದನ್ನೇ ಆರಿಸಿದರು, ಏರಿಳಿತ ಜಾಸ್ತಿ ಕಾಣುತ್ತೆ ಅಂತ. ಆದರೆ ಸರಾಸರಿಯಿಂದ ದೂರ ಇರುವ ಅಂಕಗಳು ಹೆಚ್ಚಿರುವುದು ಮೊದಲನೆಯದರಲ್ಲಿ. ಈ ಚದುರುವಿಕೆಯನ್ನು ಅಳೆಯುವ ಮಾನಕ ವಿಚಲನೆಯ ಸೂತ್ರ ಇವರಲ್ಲಿ ಅನೇಕರಿಗೆ ಆಗಲೇ ಬರುತ್ತಿತ್ತು! ಆ ಮೇಷ್ಟ್ರು ಸೂತ್ರಕ್ಕೆ ಇಟ್ಟಿದ್ದ ತರಗತಿಗಳನ್ನು ಚಿತ್ರ ಓದಿಸುವುದಕ್ಕೆ ಬಳಸಿದರು. ಸಿಲಬಸ್ ಮುಗಿಯಲ್ಲ ಅಂತ ಗೊಣಗಿದರು, ಮುಗಿಯಿತು.

ಫೀಡ್‌ಬ್ಯಾಕ್ ಫಾರಂ ಇದೆಯಲ್ಲ ಅನ್ನುವವರಿಗೆ ಒಂದೇ ಮಾತು. ಹಾರ್ವರ್ಡ್‌ನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಕೆಲಸ ಮಾಡಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು. 'ಜಾಸ್ತಿ ಕಲಿತೆವು' ಅಂತ ಹೇಳಿದವರು ಮಾತ್ರ ಸೊಗಸಾದ ಉಪನ್ಯಾಸ ಕೇಳಿದವರು. ಫಾರಂ ಬೇಡ ಅನ್ನುತ್ತಿಲ್ಲ, ಮೇಷ್ಟ್ರ ದನಿ ಹಿಂದಿನ ಬೆಂಚಿಗೆ ಕೇಳಿಸುತ್ತಾ ಅಂತ ತಿಳಿಯಲು ಅದು ಬೇಕು.

ಮೊದಲ ಪರೀಕ್ಷೆಯಿಂದ ಮಕ್ಕಳ ಧೈರ್ಯ ಕುಗ್ಗುತ್ತೆ ಅನ್ನುವ ಆತಂಕ ನ್ಯಾಯವೇ. ಈ ಅಂಕ ಎಲ್ಲೂ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಇಪ್ಪತ್ತು ನಿಮಿಷ ಸಾಕು. ಪತ್ರಿಕೆ ವಾಪಸ್ ಕೊಡಬೇಡಿ, ಉತ್ತರ ಬಿಡಿಸಿ ತೋರಿಸಬೇಡಿ. ತೋರಿಸಿದರೆ ಕೊನೆಗೆ ಅಳೆಯುವುದು ನೆನಪಿನ ಶಕ್ತಿಯನ್ನು. ಮತ್ತೆ, ಈ ಅಂಕಿಯನ್ನು ಅಧ್ಯಾಪಕರ ಬಡ್ತಿಗೆ ಗಂಟು ಹಾಕಬೇಡಿ. ಹಾಕಿದರೆ ಮೊದಲ ಪರೀಕ್ಷೆಯಲ್ಲಿ ಮಕ್ಕಳಿಗೆ ಕಡಿಮೆ ಅಂಕ ಬರಲಿ ಅಂತ ಹಾರೈಸುವವರು ಹುಟ್ಟಿಕೊಳ್ಳುತ್ತಾರೆ.

ಎರಡೂ ಸಲ ಬರೆದವರ ಅಂಕಗಳನ್ನು ಮಾತ್ರ ಹೋಲಿಸಿ. ನಡುವೆ ಕೋರ್ಸ್ ಬಿಟ್ಟು ಹೋಗುವವರು ಸಾಮಾನ್ಯವಾಗಿ ಹಿಂದೆ ಬಿದ್ದವರು. ಅವರು ಹೋದರೆ, ಉಳಿದವರು ಒಂದಕ್ಷರ ಕಲಿಯದಿದ್ದರೂ ಸರಾಸರಿ ತಾನಾಗಿ ಮೇಲೇರುತ್ತದೆ. ಬಿಟ್ಟು ಹೋದವರ ಪಟ್ಟಿಯನ್ನು ಬೇರೆ ಮಾಡಿ ಇಟ್ಟುಕೊಳ್ಳಿ, ಅವರು ಮೊದಲ ಪರೀಕ್ಷೆಯಲ್ಲಿ ಯಾವ ಪ್ರಶ್ನೆಗಳಲ್ಲಿ ತಪ್ಪಿದ್ದರು ಅಂತಲೂ ಒಮ್ಮೆ ನೋಡಿ.