ಕಾಯಿಗಳು ಸಮವಿದ್ದರೂ ಬಿಳಿ ಗೆಲ್ಲುವುದು ಹೇಗೆ?

ಪ್ರಶ್ನೆ: ಚೆಕರ್ಸ್ ಸಮಸ್ಯೆಗಳಲ್ಲಿ ಎರಡೂ ಕಡೆ ಸಮನಾಗಿ ಕಾಯಿಗಳನ್ನಿಟ್ಟು "ಬಿಳಿ ಆಡಿ ಗೆಲ್ಲಬೇಕು" ಎಂದಿರುತ್ತದೆ. ಇಂಥವನ್ನು ಹೇಗೆ ರಚಿಸುತ್ತಾರೆ? ಬಿಡಿಸಲು ಎಲ್ಲಿಂದ ತೊಡಗಬೇಕು?

ಉತ್ತರ: ಎರಡಕ್ಕೂ ಬೀಗದ ಕೈ ಆಟದ ಒಂದೇ ನಿಯಮದಲ್ಲಿದೆ. 64 ಮನೆಗಳ ಹಾಸಿನ ಮೇಲಾಡುವ ಈ ಚೆಕರ್ಸ್‌ನಲ್ಲಿ ಎದುರಾಳಿಯ ಕಾಯಿಯನ್ನು ಹಾರಿ ಹೊಡೆಯುವ ಅವಕಾಶ ಬಂದರೆ ಹೊಡೆಯಲೇಬೇಕು. ಹೀಗಾಗಿ ನಮ್ಮದೊಂದು ಕಾಯಿಯನ್ನು ಬಲಿಕೊಟ್ಟು, ಎದುರಾಳಿಯ ಕಾಯಿಯನ್ನು ನಮಗೆ ಬೇಕಾದ ಮನೆಗೇ ಎಳೆದು ತರಬಹುದು.

ಒಂದು ಸಣ್ಣ ಉದಾಹರಣೆಯನ್ನು ಹಾಸಿನ ಮೇಲೆ ಇಟ್ಟು ನೋಡಿ. ಆಡುವ 32 ಕಪ್ಪು ಮನೆಗಳಿಗೆ ಮೇಲಿನ ಸಾಲಿನ ಎಡದಿಂದ ಬಲಕ್ಕೆ 1, 2, 3, 4 ಎಂದು ಆರಂಭಿಸಿ, ಪ್ರತಿ ಸಾಲನ್ನೂ ಎಡದಿಂದಲೇ ಎಣಿಸುತ್ತ, ಕೆಳಗಿನ ಸಾಲಿನ 32ರವರೆಗೆ ಸಂಖ್ಯೆ ಕೊಡುವುದು ರೂಢಿ. ಕಪ್ಪು ಕಾಯಿಗಳು ಕೆಳಕ್ಕೂ ಬಿಳಿಯವು ಮೇಲಕ್ಕೂ ಸಾಗುತ್ತವೆ. ಕಪ್ಪು 6, 14, 16ರಲ್ಲಿವೆ. ಬಿಳಿ 23, 27, 32ರಲ್ಲಿವೆ. ಆಟ ಬಿಳಿಯದು.

ಮೊದಲು 23ರ ಕಾಯಿಯನ್ನು 18ಕ್ಕೆ ನಡೆಸೋಣವೆನಿಸಬಹುದು. ಆಗ 14ರ ಕಪ್ಪು ಅದನ್ನು ಹೊಡೆದು 23ಕ್ಕೆ ಬರುತ್ತದೆ, 27ರ ಬಿಳಿ ಅದನ್ನು ಹೊಡೆಯುತ್ತದೆ, ಎರಡೆರಡು ಕಾಯಿ ಉಳಿಯುತ್ತವೆ. ಅದು ಬರಿಯ ವಿನಿಮಯವಾಯಿತು. ಅದೇ ಕಾಯಿಯನ್ನು 19ಕ್ಕೆ ನಡೆಸಿ. 16ರ ಕಪ್ಪು ಅದನ್ನು ಹೊಡೆದು 23ಕ್ಕೆ ಬರದೆ ವಿಧಿಯಿಲ್ಲ. ಈಗ 27ರ ಬಿಳಿ ಒಂದೇ ನಡೆಯಲ್ಲಿ 18, 9, 2 ಎಂದು ಮೂರು ಬಾರಿ ಹಾರಿ ಮೂರೂ ಕಪ್ಪು ಕಾಯಿಗಳನ್ನು ಎತ್ತಿಬಿಡುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸುವುದು ಕದಲದೆ ಕೂತ 32ರ ಕಾಯಿ. ಅದನ್ನು ತೆಗೆದರೆ ಕಪ್ಪು 23ಕ್ಕೆ ನಿಲ್ಲದೆ, 27ರ ಕಾಯಿಯನ್ನೂ ಹೊಡೆದು 32ಕ್ಕೆ ಇಳಿಯುತ್ತದೆ. ಬಿಳಿಯ ಪಾಲಿಗೆ ಒಂದೂ ಉಳಿಯುವುದಿಲ್ಲ. ಒಳ್ಳೆಯ ಸಮಸ್ಯೆಯಲ್ಲಿ ಕೆಲಸವಿಲ್ಲದ ಕಾಯಿ ಇರುವುದಿಲ್ಲವಾದ್ದರಿಂದ, ಬಿಡಿಸುವವರು ಸುಮ್ಮನಿರುವಂತೆ ಕಾಣುವ ಕಾಯಿ ಅಲ್ಲೇಕಿದೆ ಎಂದು ಮೊದಲು ಕೇಳಿಕೊಳ್ಳುವುದು ಲೇಸು. ಅನಂತರ, ಒಂದೊಂದು ಮನೆ ಬಿಟ್ಟು ನಿಂತಿರುವ ಎದುರಾಳಿಯ ಕಾಯಿಗಳನ್ನು ಗುರುತಿಸಿ, ಆ ಸರಣಿಗೆ ಯಾವ ಕೊಂಡಿ ಕಡಿಮೆಯಿದೆ ಎಂದು ಹುಡುಕಬೇಕು.

ರಚಿಸುವವರು ಇದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯುತ್ತಾರೆ. ಕೊನೆಯ ಹಾರಿಕೆಯನ್ನು ಮೊದಲು ಇಟ್ಟುಕೊಂಡು, ಕೊಂಡಿಯಾಗುವ ಕಾಯಿಯನ್ನು ಒಂದು ನಡೆ ಹಿಂದಕ್ಕೆ ಸರಿಸಿ, ಅದನ್ನು ಎಳೆದು ತರುವ ಬಲಿಯನ್ನು ಸೇರಿಸುತ್ತಾರೆ. ಕಷ್ಟದ ಭಾಗ ಆಮೇಲಿನದು: ಗೆಲುವಿಗೆ ಇನ್ನೊಂದು ದಾರಿ ಇದ್ದರೆ ಸಮಸ್ಯೆ ಕೆಟ್ಟಂತೆ. ಹಿಂದೆ ಇದನ್ನು ಕೈಯಲ್ಲೇ ಪರೀಕ್ಷಿಸಬೇಕಿತ್ತು. ಸರಿಯಾಗಿ ಆಡಿದರೆ ಆಟ ಸಮವಾಗಿಯೇ ಮುಗಿಯುತ್ತದೆ ಎಂದು 2007ರಲ್ಲಿ ಸಾಧಿಸಿ ತೋರಿಸಿದ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ಅವರ ತಂಡ, ಎರಡೂ ಕಡೆ ಸೇರಿ 10 ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿರುವ ಸುಮಾರು 39 ಲಕ್ಷ ಕೋಟಿ ಸ್ಥಿತಿಗಳ ಫಲಿತಾಂಶವನ್ನು ಲೆಕ್ಕಹಾಕಿತು. ಅಂಥ ಭಂಡಾರ ಎರಡನೆಯ ದಾರಿಯನ್ನು ತಟ್ಟನೆ ತೋರಿಸಿಕೊಡುತ್ತದೆ; ಅದನ್ನು ಮುಚ್ಚಲು ಯಾವ ಕಾಯಿಯನ್ನು ಯಾವ ಮನೆಗೆ ಸರಿಸಬೇಕೆಂಬುದನ್ನು ಮಾತ್ರ ರಚಿಸುವವರೇ ಹಾಸಿನ ಮುಂದೆ ಕೂತು ಕಂಡುಕೊಳ್ಳಬೇಕು.